ತಾವರೆಯೋ, ನೈದಿಲೆಯೋ? ಎಲೆ ನೋಡಿ ಹೇಳಿ

ಕೆರೆಯಲ್ಲಿ ಅಗಲದ ಎಲೆ ತೇಲಿ ಹೂ ಬಿಟ್ಟರೆ ಸಾಕು, ನಮ್ಮ ಕಡೆ ಎಲ್ಲವೂ 'ತಾವರೆ'. ದಡದಲ್ಲಿ ನಿಂತು ನೋಡುವವರಿಗೆ ಹೆಸರು ಯಾವುದಾದರೇನು? ಆದರೆ ಗಡ್ಡೆಗೆ ದುಡ್ಡು ಕೊಡುವಾಗ, ಪಂಪ್ ಇಟ್ಟ ಕೆರೆಗೆ ಗಿಡ ಇಳಿಸುವಾಗ ವ್ಯತ್ಯಾಸ ಗೊತ್ತಿರಲೇಬೇಕು. ಪರಿಚಯದ ಕೃಷಿಕರೊಬ್ಬರು ದೇವಸ್ಥಾನಕ್ಕೆ ಹೂ ಕೊಡುವ ಅಂದಾಜಿನಲ್ಲಿ ತಾವರೆ ಅಂತ ಕೊಂಡು ತಂದದ್ದು ನೈದಿಲೆ. ಇನ್ನೊಬ್ಬರದು ತಿರುಗುಮುರುಗು. ನೈದಿಲೆ ಅಂತ ಯಾರೋ ಕೊಟ್ಟ ತಾವರೆ ಎರಡು ವರ್ಷದಲ್ಲಿ ಕೆರೆಯಿಡೀ ಹಬ್ಬಿತು. ಬೇಸಿಗೆಯಲ್ಲಿ ಫುಟ್‌ವಾಲ್ವ್ ಸುತ್ತ ಬಿಡಿಸುವುದೇ ಅವರಿಗೊಂದು ಕೆಲಸ.

ಹೂವಿಗೆ ಕಾಯಬೇಕಾಗಿಲ್ಲ, ಎಲೆಯೇ ಸಾಕ್ಷಿ. ತಾವರೆಯ ಎಲೆ ಪೂರ್ತಿ ದುಂಡು, ಎಲ್ಲೂ ಸೀಳಿಲ್ಲ. ದಂಟು ಎಲೆಯ ನಟ್ಟನಡುವಿಗೆ, ಕೊಡೆಗೆ ಕೋಲು ಸಿಕ್ಕಿಸಿದ ಹಾಗೆ ಇರುತ್ತದೆ. ನೈದಿಲೆ ಎಲೆಯಲ್ಲಿ ಅಂಚಿನಿಂದ ದಂಟಿನವರೆಗೆ ಒಂದು ಸೀಳು. ಇಷ್ಟು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. 'ನೀರಿನಿಂದ ಮೇಲೆದ್ದದ್ದು ತಾವರೆ, ತೇಲುವುದು ನೈದಿಲೆ' ಎಂಬ ಲೆಕ್ಕವನ್ನು ಮಾತ್ರ ನಂಬಬೇಡಿ. ತಾವರೆಯ ಮೊದಲ ಎಲೆಗಳೂ ತೇಲುತ್ತವೆ. ಅನುಮಾನ ಇದ್ದರೆ ಎಲೆಗೆ ನೀರು ಚಿಮುಕಿಸಿ. ತಾವರೆಯಾದರೆ ಹನಿ ಮಣಿಯಾಗಿ ಉರುಳುತ್ತದೆ. ದಂಟು ಸವರಿದರೆ ಸಣ್ಣ ಸಣ್ಣ ಮುಳ್ಳು ಕೈಗೆ ತರಿತರಿ ಎನ್ನುತ್ತದೆ.

ಗಡ್ಡೆ ಕೊಳ್ಳುವವರು ಇದನ್ನು ಗಮನಿಸಬೇಕು. ತಾವರೆಯದ್ದು ಗೆಣ್ಣು ಗೆಣ್ಣಾಗಿ ಕೆಸರಿನಲ್ಲಿ ಅಡ್ಡ ಹರಿಯುವ ಉದ್ದದ ಗಡ್ಡೆ. ಅಡ್ಡ ಕೊಯ್ದರೆ ದುಂಡಗೆ ಸಾಲಾಗಿ ತೂತುಗಳು. ಪೇಟೆಯಲ್ಲಿ ತರಕಾರಿಯಾಗಿ ಸಿಗುವುದು ಇದೇ. ನೈದಿಲೆಯದ್ದು ಗಿಡ್ಡ ಮುದ್ದೆ. ಗೆಣ್ಣು ಗೆಣ್ಣಾಗಿ ಓಡುವ ಸ್ವಭಾವವೇ ತಾವರೆಯ ಬಲ, ಸಣ್ಣ ಕೆರೆಯವರಿಗೆ ಅದೇ ತಾಪತ್ರಯ.

ಹೂ ಇದ್ದರೆ ಇನ್ನೂ ಸುಲಭ. ತಾವರೆಯ ನಡುವೆ ಶವರಿನ ತಲೆಯಂಥ ಪೀಠ, ತೂತಿಗೊಂದು ಬೀಜ. ನೈದಿಲೆಗೆ ಅದಿಲ್ಲ. ಹೂ ಮುಗಿದ ಮೇಲೆ ಕಾಯಿ ನೀರಿನೊಳಗೆ ಇಳಿದು ಬಲಿಯುತ್ತದೆ, ಒಳಗೆ ಸಾಸಿವೆಯಂಥ ರಾಶಿ ಬೀಜ.

ನೈದಿಲೆಯಲ್ಲೂ ನಮ್ಮ ಊರಿನವು ಮುಖ್ಯವಾಗಿ ಎರಡು. ಒಂದು ಹಗಲು ಅರಳುವುದು. ನೀಲಿ, ಬಿಳಿ, ತಿಳಿಗೆಂಪು ಬಣ್ಣ. ಎಲೆಯ ಅಡಿ ನಯ. ಇನ್ನೊಂದು ರಾತ್ರಿ ಅರಳಿ ಮರುದಿನ ಬಿಸಿಲೇರುವಾಗ ಮುಚ್ಚುವುದು. ಇದರ ಎಲೆಯಂಚು ಗರಗಸದ ಹಲ್ಲಿನಂತೆ, ಮಗುಚಿದರೆ ಅಡಿಯಲ್ಲಿ ನವಿರು ರೋಮ. ಮಧ್ಯಾಹ್ನ ಕೆರೆಗೆ ಹೋಗಿ 'ಈ ಗಿಡ ಹೂವೇ ಬಿಡುವುದಿಲ್ಲ' ಎನ್ನುವವರು ಬೆಳಗ್ಗೆ ಬೇಗ ಒಮ್ಮೆ ಹೋಗಲಿ.

ಹಗಲಿನ ನೈದಿಲೆ ಶ್ರೀಲಂಕಾದ ರಾಷ್ಟ್ರಪುಷ್ಪ. ಅಲ್ಲಿಯೂ ಹೊರಗಿನಿಂದ ಬಂದ ನೇರಳೆ ಹೂವಿನ ಬೇರೊಂದು ನೈದಿಲೆಯನ್ನೇ ರಾಷ್ಟ್ರಪುಷ್ಪ ಎಂದು ತೋರಿಸುತ್ತಿದ್ದರು. ಪೇರಾದೆಣಿಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಇದು ಅದಲ್ಲ ಎಂದು ತೋರಿಸಿಕೊಟ್ಟರು. ನರ್ಸರಿಗಳಲ್ಲಿ ಈಗ ಸಿಗುವ ಬಣ್ಣಬಣ್ಣದ ನೈದಿಲೆಗಳಲ್ಲೂ ಬಹಳಷ್ಟು ಮಿಶ್ರತಳಿ. ಊರಿನದ್ದೇ ಬೇಕೆಂದರೆ ಹಳೆ ಕೆರೆಯಿಂದ, ಕೆರೆಯವರನ್ನು ಕೇಳಿ, ಒಂದು ಗಡ್ಡೆ ತರುವುದೇ ಒಳ್ಳೆಯದು.

ಮೂರನೆಯದೊಂದಿದೆ, ಅದನ್ನು 'ಮರಿ ನೈದಿಲೆ' ಅಂದುಕೊಳ್ಳುವವರೇ ಹೆಚ್ಚು. ಹೃದಯದಾಕಾರದ ತೇಲುವ ಎಲೆ, ಎರಡು ಬೆರಳಿನಲ್ಲಿ ಹಿಡಿಯುವಷ್ಟು ಪುಟ್ಟ ಬಿಳಿ ಹೂ, ನಡುವೆ ಹಳದಿ, ಎಸಳಿನ ತುಂಬ ಬಿಳಿ ರೋಮ. ಇದು ನೈದಿಲೆಯ ಸಂಬಂಧವೇ ಅಲ್ಲ. ಗುರುತು ಹಿಡಿಯಲು ಹೂವಿನ ದಂಟನ್ನು ಹಿಡಿದು ಕೆಳಗೆ ಹೋಗಿ. ನೈದಿಲೆಯಾದರೆ ದಂಟು ಕೆಸರಿನ ಗಡ್ಡೆಯವರೆಗೂ ಒಂಟಿಯಾಗಿ ಇಳಿಯುತ್ತದೆ. ಇದರಲ್ಲಿ ಎಲೆಯ ಕೆಳಗೇ ಒಂದು ಗಂಟು, ಅಲ್ಲಿಂದ ಹೂಗಳ ಗೊಂಚಲು. ಆ ಗಂಟು ಸಮೇತ ಎಲೆ ಕಿತ್ತು ತೇಲಿಹೋದರೆ, ನಿಂತಲ್ಲಿ ಬೇರು ಬಿಟ್ಟು ಹೊಸ ಗಿಡ. ಹಾಗಾಗಿ ಕಳೆ ತೆಗೆಯುವವರು ಎಲೆಗಳನ್ನು ನೀರಿನಲ್ಲಿ ಬಿಡದೆ ದಡಕ್ಕೆ ಹಾಕಬೇಕು. ಗೊಬ್ಬರಗುಂಡಿಗೆ ಆಗುತ್ತದೆ.

ತಾವರೆಯೇ ಬೇಕು, ಕೆರೆ ಮಾತ್ರ ಚಿಕ್ಕದು ಎನ್ನುವವರು ಅಗಲದ ಟಬ್ಬಿನಲ್ಲಿ ಗದ್ದೆಮಣ್ಣು ತುಂಬಿ ಬೆಳೆಸಲಿ. ಬೀಜದಿಂದಲೂ ಆಗುತ್ತದೆ. ಸಿಪ್ಪೆ ಕಲ್ಲಿನಂತೆ ಗಟ್ಟಿ. ಚೀನಾದ ಒಣಗಿದ ಕೆರೆಯಡಿ ಸಿಕ್ಕಿದ ಸುಮಾರು 1,300 ವರ್ಷ ಹಳೆಯ ಬೀಜ ಮೊಳೆತದ್ದು 1995ರಲ್ಲಿ ವರದಿಯಾಗಿದೆ. ಬೀಜದ ಒಂದು ತುದಿಯನ್ನು ಅರದಲ್ಲಿ, ಒಳಗಿನ ಬಿಳಿ ತಿರುಳು ಕಾಣುವಷ್ಟು ಮಾತ್ರ ಉಜ್ಜಿ ಲೋಟದ ನೀರಿಗೆ ಹಾಕಿ, ದಿನಾ ನೀರು ಬದಲಿಸಿ. ಹಸಿರು ಮೊಳಕೆಗೆ ಬೇರು ಬಂದ ಮೇಲೆ ಮಣ್ಣಿಗೆ ಇಳಿಸಿದರಾಯಿತು.