ನಿಘಂಟಿನ ಮರೆಯಲ್ಲಿದ್ದ ಕವಿ

ಕಿಟ್ಟೆಲ್ ಎಂದೊಡನೆ ನಮಗೆ ನೆನಪಾಗುವುದು ಅವರ ಕನ್ನಡ-ಇಂಗ್ಲಿಷ್ ನಿಘಂಟು. ಆ ಬೃಹದ್ಗ್ರಂಥದ ಮರೆಯಲ್ಲಿ, ಅವರೊಳಗಿದ್ದ ಕವಿ ನಮ್ಮ ಕಣ್ಣಿಗೆ ಬೀಳದೆ ಹೋದನು.

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರು 1832ರಲ್ಲಿ ಜರ್ಮನಿಯ ಪೂರ್ವ ಫ್ರೀಸ್‌ಲಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಮೊದಲು ನೆಲೆಸಿದುದು ಧಾರವಾಡದ ಕಡೆಗೆ. ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಜನರ ಬಾಯಿಂದಲೇ ಕನ್ನಡವನ್ನು ಕಲಿತರು.

ಪುರಾಣಶ್ರವಣ, ಕೀರ್ತನೆ, ಗಮಕವಾಚನಗಳಿಗೆ ಕಿವಿ ಪಳಗಿದ ಈ ನಾಡಿನ ಜನಕ್ಕೆ ಯೂರೋಪಿನ ರಾಗದ ಹಾಡು ಎಷ್ಟರಮಟ್ಟಿಗೆ ಒಪ್ಪೀತು? ಕಿಟ್ಟೆಲ್ಲರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹೇಳಲು ಹೊರಟರು. 1862ರಲ್ಲಿ ಅವರ 'ಕಥಾಮಾಲೆ' ಮಂಗಳೂರಿನಲ್ಲಿ ಪ್ರಕಟವಾಯಿತು. ಅದನ್ನು ಮಹಾಕಾವ್ಯವೆಂದು ಹೊಗಳಬೇಕಾಗಿಲ್ಲ. ಆದರೆ ಪರಭಾಷೆಯ ಲಯಕ್ಕೆ ತಲೆಬಾಗದೆ ಪದ್ಯ ಕಟ್ಟಲಾಗದೆಂಬುದನ್ನು ಆ ಪಾದ್ರಿ ಅರಿತಿದ್ದರು. ಮುಂದೆ ಅವರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಸಂಪಾದಿಸಿದುದಕ್ಕೆ ಈ ಕವಿಹೃದಯವೇ ಮೂಲವೆಂದು ನಮಗೆ ತೋರುತ್ತದೆ.

ಬದುಕು ಸುಗಮವಾಗಿರಲಿಲ್ಲ. ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಕಣ್ಣು ಮಂದವಾಗುತ್ತ ಬಂದಿತು. 1877ರಲ್ಲಿ ಸ್ವದೇಶಕ್ಕೆ ಮರಳಿದವರು ನಿಘಂಟಿನ ಸಲುವಾಗಿ 1883ರಲ್ಲಿ ಪುನಃ ಬಂದರು. ಸುಮಾರು 70,000 ಶಬ್ದಗಳ ಆ ಗ್ರಂಥವು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದುದು 1894ರಲ್ಲಿ.

ಸಾಂಗಲಿ-ಮಿರಜ ಭಾಗದ ನಮ್ಮ ಮನೆತನಗಳಿಗೆ ಈ ನಿಘಂಟು ಇನ್ನೊಂದು ಕಾರಣದಿಂದ ಆಪ್ತವಾಗಬೇಕು. ಅನೇಕ ಶಬ್ದಗಳ ಮುಂದೆ ಕಿಟ್ಟೆಲ್ಲರು 'ದಕ್ಷಿಣ ಮರಾಠಾ ಸೀಮೆ' ಎಂಬುದರ ಸಂಕೇತಾಕ್ಷರಗಳನ್ನು ಹಾಕಿದ್ದಾರೆ. ಅಂದರೆ ಮೈಸೂರಿನವರದಲ್ಲ, ಈ ಕಡೆಯವರ ಬಳಕೆಯ ಮಾತು. ಧಾರವಾಡ, ಬೆಳಗಾವಿಗಳಂತೆ ಪಟವರ್ಧನರ ಸಂಸ್ಥಾನಗಳೂ ಆ ಸೀಮೆಯವೇ. ಶಿರಹಟ್ಟಿ, ತೇರದಾಳಗಳು ಸಾಂಗಲಿಗೆ ಸೇರಿದ್ದವು, ಲಕ್ಷ್ಮೇಶ್ವರ ಮಿರಜಿಗೆ. ದೊರೆಗಳ ಮನೆಮಾತು ಮರಾಠಿಯಾದರೂ ಅಲ್ಲಿಯ ಒಕ್ಕಲಿನ ಮಾತು ಕನ್ನಡ. ಮರಾಠಿಯಿಂದ ಬಂದ ಶಬ್ದಗಳನ್ನು ಕಿಟ್ಟೆಲ್ಲರು ಮೈಲಿಗೆಯೆಂದು ಹೊರಗಿಡಲಿಲ್ಲ. ಮೂಲವನ್ನು ಗುರುತಿಸಿ ಒಳಕ್ಕೆ ಸೇರಿಸಿಕೊಂಡರು. ಪಂಪನ ಶಬ್ದಕ್ಕೂ ಸಂತೆಯ ಗಾದೆಗೂ ಅಲ್ಲಿ ಒಂದೇ ಪಂಕ್ತಿ! ಶಾಲೆಯಲ್ಲಿ ಮರಾಠಿ ಓದಿದ ನಮ್ಮ ಮಕ್ಕಳು 'ಅಜ್ಜಿಯ ಮಾತು ಅಶುದ್ಧ' ಎಂದಾಗ ತಾಯಂದಿರು ಈ ಗ್ರಂಥವನ್ನೊಮ್ಮೆ ತೆರೆಯಲಿ. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳೂ ಉಂಟು.

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲ್ಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣವು ಅಚ್ಚಾದುದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿಯೇ ಕಣ್ಮುಚ್ಚಿದರು.