ಎಳೆಯ ಮಕ್ಕಳಿರುವ ಕುಟುಂಬದ ದಿನಚರಿ ಮತ್ತು ವಾರದ ಕ್ರಮ

ಆರು ವರ್ಷದೊಳಗಿನ ಮಕ್ಕಳ ನಿದ್ರೆ, ಊಟ, ಸ್ನಾನ, ಆಟಗಳನ್ನೂ ಮನೆಯ ಹಿರಿಯರ ದುಡಿಮೆ ಮತ್ತು ಮನೆಗೆಲಸಗಳನ್ನೂ ಹೆಚ್ಚುಕಡಿಮೆ ಒಂದೇ ಅನುಕ್ರಮದಲ್ಲಿ ನಡೆಸಿಕೊಂಡು ಹೋಗುವ ವ್ಯವಸ್ಥೆಗೆ ಕುಟುಂಬದ ದಿನಚರಿ ಎನ್ನುತ್ತಾರೆ. ಸಂತೆ, ಲಸಿಕೆ, ಎಣ್ಣೆಸ್ನಾನ, ರಜೆಗಳಂತಹ ಪ್ರತಿದಿನ ಬಾರದ ಸಂಗತಿಗಳನ್ನು ಏಳು ದಿನಗಳ ಸುತ್ತಿನಲ್ಲಿ ಹೊಂದಿಸುವುದು ವಾರದ ಕ್ರಮ. ಈ ಲೇಖನವು ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಜೀವನಕ್ರಮವನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಪರಿಕಲ್ಪನೆ

ಭಾರತೀಯ ವೈದ್ಯಪರಂಪರೆಗೆ ಈ ವಿಚಾರ ಹೊಸದಲ್ಲ. ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದಲ್ಲಿ ದಿನಚರ್ಯೆಗೂ ಋತುಚರ್ಯೆಗೂ ಪ್ರತ್ಯೇಕ ಅಧ್ಯಾಯಗಳಿವೆ. ಆಧುನಿಕ ಮನಶ್ಶಾಸ್ತ್ರವು ವಾಡಿಕೆ ಮತ್ತು ಆಚರಣೆ ಎಂಬ ಎರಡನ್ನು ಬೇರ್ಪಡಿಸಿ ನೋಡುತ್ತದೆ. ಅಮೆರಿಕದ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಹಿಂದಿನ ಐವತ್ತು ವರ್ಷಗಳ ಸಂಶೋಧನೆಗಳನ್ನು ಪರಾಮರ್ಶಿಸಿ ಪ್ರಕಟಿಸಿದ ಲೇಖನವು ಈ ವಿಂಗಡಣೆಯನ್ನು ಸ್ಪಷ್ಟಪಡಿಸಿತು. ಹಲ್ಲುಜ್ಜಿಸುವುದು, ಬುತ್ತಿ ಕಟ್ಟುವುದು ವಾಡಿಕೆ. ಅವು ಕೆಲಸ ಮುಗಿಸುವುದಕ್ಕಾಗಿ ಇರುತ್ತವೆ. ಮುಸ್ಸಂಜೆ ದೀಪ ಹಚ್ಚಿದಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈಮುಗಿಸುವುದು ಆಚರಣೆ. ಅದಕ್ಕೆ 'ನಾವು ಒಂದು ಮನೆಯವರು' ಎಂಬ ಅರ್ಥ ಅಂಟಿಕೊಂಡಿರುತ್ತದೆ. ಹಳ್ಳಿಯ ಮನೆಗಳಲ್ಲಿ ಇವೆರಡರ ನಡುವಿನ ಗೆರೆ ತೆಳುವಾದದ್ದು.

ಎಳೆಯ ಮಗುವಿಗೆ ಗಡಿಯಾರ ತಿಳಿಯದು. 'ಇದಾದ ಮೇಲೆ ಅದು' ಎಂಬ ಅನುಕ್ರಮ ಬಹುಬೇಗ ತಿಳಿಯುತ್ತದೆ. ಆದುದರಿಂದ ನಿಖರವಾದ ಸಮಯಕ್ಕಿಂತ ಕ್ರಮದ ಸ್ಥಿರತೆಯೇ ಮುಖ್ಯ. ಊಟ ಏಳಕ್ಕಾದರೂ ಎಂಟಕ್ಕಾದರೂ ಅದರ ಹಿಂದೆ ಕೈಕಾಲು ತೊಳೆಯುವುದು, ಮುಂದೆ ಹಾಸಿಗೆ ಹಾಸುವುದು ಇದ್ದರೆ ಮಗು ಮುಂದಿನದನ್ನು ಊಹಿಸಿಕೊಂಡು ಸಿದ್ಧವಾಗುತ್ತದೆ. ದೇಹದ ಆಂತರಿಕ ಗಡಿಯಾರ ಮಾತ್ರ ಬೆಳಕನ್ನು ಅನುಸರಿಸುತ್ತದೆ. ಮುಂಜಾನೆಯ ಬಿಸಿಲಿಗೆ ಮಗುವನ್ನು ಹೊರಗೆ ಕರೆತರುವುದೂ ರಾತ್ರಿ ದೀಪಗಳನ್ನು ಮಂದಗೊಳಿಸುವುದೂ ಈ ಕಾರಣಕ್ಕೇ ಉಪಯುಕ್ತ.

ಸ್ಥಳೀಯ ಹಿನ್ನೆಲೆ

ಘಟಪ್ರಭಾ ನದಿಯ ನೀರಾವರಿಯ ಈ ಪ್ರದೇಶದಲ್ಲಿ ಕುಟುಂಬದ ವೇಳಾಪಟ್ಟಿಯನ್ನು ಬಹುಮಟ್ಟಿಗೆ ನಿರ್ಧರಿಸುವವು ಕಬ್ಬು, ಹೈನು ಮತ್ತು ವಿದ್ಯುತ್ತು. ಎಮ್ಮೆ ಸಾಕಿದ ಮನೆಯಲ್ಲಿ ಹಾಲು ಹಿಂಡಿ ಡೈರಿಗೆ ಹಾಕುವ ಕೆಲಸ ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಬರುತ್ತದೆ. ಮಗು ಎಚ್ಚರಗೊಂಡು ಹಸಿಯುವುದೂ ಸರಿಸುಮಾರು ಅದೇ ಹೊತ್ತಿಗೆ. ಕೃಷಿ ಪಂಪುಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ ಎಂಬುದು ರಾಜ್ಯದ ನೀತಿ. ಅದು ಪಾಳಿಯಲ್ಲಿ ಬರುವುದರಿಂದ ರಾತ್ರಿ ಪಾಳಿಯ ದಿನಗಳಲ್ಲಿ ತಂದೆಯು ಹೊಲಕ್ಕೆ ನೀರು ಹಾಯಿಸಲು ಹೋಗಿ ಬೆಳಗಿನ ಜಾವ ಹಿಂತಿರುಗುತ್ತಾನೆ. (ಹುಕ್ಕೇರಿ ತಾಲ್ಲೂಕಿನ ವಿದ್ಯುತ್ ಪೂರೈಕೆಯಲ್ಲಿ ಒಂದು ವೈಶಿಷ್ಟ್ಯವಿದೆ: ಇಲ್ಲಿ ವಿತರಣೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕೈಯಲ್ಲಿದೆ.) ಇಂತಹ ಮನೆಯಲ್ಲಿ 'ತಂದೆ ಮಲಗಿಸುತ್ತಾನೆ' ಎಂಬ ನಿಯಮ ಉಳಿಯಲಾರದು, 'ಮಲಗುವ ಮುನ್ನ ಅಜ್ಜಿ ಕತೆ ಹೇಳುತ್ತಾಳೆ' ಎಂಬುದು ಉಳಿದೀತು. ಯಾರು ಮನೆಯಲ್ಲಿ ಖಚಿತವಾಗಿ ಇರುತ್ತಾರೋ ಅವರ ಸುತ್ತ ಕ್ರಮವನ್ನು ಕಟ್ಟಬೇಕಾಗುತ್ತದೆ.

ಗೋಕಾಕ ಫಾಲ್ಸಿನ ಹತ್ತಿ ಗಿರಣಿಯು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾದಂದಿನಿಂದ ಪಾಳಿಯ ದುಡಿಮೆಯೂ ಈ ಭಾಗಕ್ಕೆ ಪರಿಚಿತ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲಿನಲ್ಲಿ ನಿದ್ರಿಸುವ ಚಿಕ್ಕ ಮನೆಯಲ್ಲಿ ಮಕ್ಕಳ ಗದ್ದಲದ ಆಟವನ್ನು ಆ ಹೊತ್ತಿಗೆ ಓಣಿಗೋ ಅಂಗನವಾಡಿಗೋ ಸಾಗಿಸುವುದೇ ದಿನಚರಿಯ ಮೊದಲ ತೀರ್ಮಾನವಾಗುತ್ತದೆ.

ನಿದ್ರೆ

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ದಿನದ 24 ಗಂಟೆಗಳಲ್ಲಿ ಹಗಲು ನಿದ್ರೆಯೂ ಸೇರಿ ಮೂರು ತಿಂಗಳವರೆಗಿನ ಶಿಶುವಿಗೆ 14ರಿಂದ 17, ನಾಲ್ಕರಿಂದ ಹನ್ನೊಂದು ತಿಂಗಳ ಶಿಶುವಿಗೆ 12ರಿಂದ 16, ಒಂದರಿಂದ ಎರಡು ವರ್ಷದವರಿಗೆ 11ರಿಂದ 14, ಮೂರರಿಂದ ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಇದೇ ಮಾರ್ಗಸೂಚಿಯು ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಓಡಾಟ, ಆಟವನ್ನು ಸೂಚಿಸುತ್ತದೆ. ಮೊಬೈಲು, ದೂರದರ್ಶನಗಳ ಪರದೆಯನ್ನು ಒಂದು ವರ್ಷದ ಮಗುವಿಗೆ ತೋರಿಸಲೇಬಾರದೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ. ಮೂರು ವರ್ಷದ ಮಗು ಬೆಳಿಗ್ಗೆ ಆರೂವರೆಗೆ ಏಳುವುದಾದರೆ, ಮಧ್ಯಾಹ್ನ ಒಂದು ಗಂಟೆ ಮಲಗಿದರೂ ರಾತ್ರಿ ಒಂಬತ್ತೂವರೆಯೊಳಗೆ ನಿದ್ರೆ ಹತ್ತಬೇಕು. ಇಲ್ಲವಾದರೆ ಕನಿಷ್ಠ ಪ್ರಮಾಣವೂ ತುಂಬುವುದಿಲ್ಲ. ಹಿರಿಯರು ಧಾರಾವಾಹಿ ನೋಡುತ್ತಿರುವ ಒಂದೇ ಕೋಣೆಯ ಮನೆಯಲ್ಲಿ ಈ ಲೆಕ್ಕ ತಪ್ಪುವುದು ಸುಲಭ.

ಮಲಗುವ ಮುನ್ನದ ಕ್ರಮದ ಬಗ್ಗೆ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. 405 ತಾಯಂದಿರು ಮತ್ತು ಅವರ ಮಕ್ಕಳು ಇದರಲ್ಲಿ ಪಾಲ್ಗೊಂಡಿದ್ದರು. ಸ್ನಾನ, ಮೈನೀವುವಿಕೆ, ಆಮೇಲೆ ಶಾಂತವಾದ ಜೋಗುಳ ಅಥವಾ ಮುದ್ದಾಟ ಎಂಬ ಕ್ರಮವನ್ನು ಎರಡು ವಾರ ಪಾಲಿಸಿದವರ ಮಕ್ಕಳು ಬೇಗನೆ ನಿದ್ರೆಗೆ ಜಾರಿದರು, ರಾತ್ರಿ ಎಚ್ಚರಗೊಳ್ಳುವುದು ಕಡಿಮೆಯಾಯಿತು, ತಾಯಂದಿರ ಮನಃಸ್ಥಿತಿಯೂ ಸುಧಾರಿಸಿತು. ಶಿಶುಸ್ನಾನದ ಸಾಮಗ್ರಿ ತಯಾರಿಸುವ ಕಂಪನಿಯೊಂದರ ನೆರವು ಈ ಅಧ್ಯಯನಕ್ಕಿತ್ತು ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಎಣ್ಣೆ ನೀವಿ, ಬಿಸಿನೀರು ಹೊಯ್ದು, ತೊಟ್ಟಿಲಲ್ಲೋ ಸೀರೆಯ ಜೋಲಿಯಲ್ಲೋ ಹಾಕಿ ತೂಗುವ ಉತ್ತರ ಕರ್ನಾಟಕದ ರೂಢಿಗೆ ಯಾವ ಸಾಮಗ್ರಿಯನ್ನೂ ವಿಶೇಷವಾಗಿ ಕೊಳ್ಳಬೇಕಾಗಿಲ್ಲ.

ಆಹಾರ

ಆರು ತಿಂಗಳವರೆಗೆ ತಾಯಿಹಾಲು ಮಾತ್ರ, ಅನಂತರ ತಾಯಿಹಾಲಿನ ಜೊತೆಗೆ ಮೆತ್ತಗಿನ ಆಹಾರ ಎಂಬುದು ಸರ್ವತ್ರ ಒಪ್ಪಿತವಾದ ನಿಯಮ. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು-ಮೂರು ಬಾರಿ, ಒಂಬತ್ತು ತಿಂಗಳಿನಿಂದ ಮೂರು-ನಾಲ್ಕು ಬಾರಿ ಉಣಿಸಬೇಕು. ಹಿರಿಯರು ನಸುಕಿಗೆ ರೊಟ್ಟಿ ತಿಂದು ಹೊಲಕ್ಕೆ ಹೋಗಿ ಮಧ್ಯಾಹ್ನ ಬುತ್ತಿ ಬಿಚ್ಚಿ ರಾತ್ರಿ ಮತ್ತೆ ಉಣ್ಣುವ ಕ್ರಮ ಮಗುವಿನ ಚಿಕ್ಕ ಹೊಟ್ಟೆಗೆ ಸಾಲದು. ನಡುವಿನ ಎರಡು ಹೊತ್ತುಗಳನ್ನು ಬೇರೆಯಾಗಿ ಯೋಜಿಸಬೇಕಾಗುತ್ತದೆ: ಹಾಲಿನಲ್ಲಿ ನೆನೆಸಿ ಕಿವುಚಿದ ಜೋಳದ ರೊಟ್ಟಿ, ಬೇಳೆ ಹಾಕಿದ ಮೆತ್ತನೆಯ ಅನ್ನ, ಗೋಧಿ ರವೆಯ ಸಜ್ಜಕ, ಬಾಳೆಹಣ್ಣು ಇವು ಸುಲಭವಾಗಿ ಒದಗುತ್ತವೆ. ಶೇಂಗಾ ಪೌಷ್ಟಿಕವಾದರೂ ಇಡೀ ಕಾಳು ಎಳೆಯರ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಹಿಂಡಿಯಾಗಿ ಕುಟ್ಟಿ, ಖಾರ ಬೆರೆಸುವ ಮೊದಲೇ ಮಗುವಿನ ಪಾಲನ್ನು ತೆಗೆದಿಡುವುದು ಲೇಸು. ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಾತ್ರ ಈ ಹೊತ್ತುಗಳಿಗೆ ತಕ್ಕ ಆಹಾರವಲ್ಲ. ಚಹಾ ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತದೆ, ಹಸಿವನ್ನೂ ಕೆಡಿಸುತ್ತದೆ.

ಅಂಗನವಾಡಿಯ ಪಾತ್ರ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು ತಿ. ನರಸೀಪುರದಲ್ಲಿ. ಮೂರರಿಂದ ಆರು ವರ್ಷದ ಮಕ್ಕಳ ಹಗಲಿನ ಬಹುಭಾಗಕ್ಕೆ ಇಂದು ಅಂಗನವಾಡಿಯೇ ಚೌಕಟ್ಟು. ಹಾಡು, ಆಟ, ಬಿಸಿಯೂಟ, ವಿಶ್ರಾಂತಿ ಎಂಬ ಅದರ ಅನುಕ್ರಮವನ್ನು ರಜಾದಿನಗಳಲ್ಲಿ ಮನೆಯವರು ಸ್ಥೂಲವಾಗಿ ಉಳಿಸಿಕೊಂಡರೆ ಸೋಮವಾರದ ಅಳು ಕಡಿಮೆಯಾಗುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು ದೊರೆಯುತ್ತದೆ. ಮೂರು ವರ್ಷದೊಳಗಿನ ಮಕ್ಕಳ ತಾಯಂದಿರು ಕೂಲಿಗೆ ಹೋಗುವಾಗ ಮಗುವನ್ನು ಎಲ್ಲಿ ಬಿಡಬೇಕೆಂಬುದು ಹಳೆಯ ಸಮಸ್ಯೆ. ಉದ್ಯೋಗ ಖಾತರಿ ಯೋಜನೆಯ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು.

ಕಬ್ಬು ಕಡಿಯುವ ಗ್ಯಾಂಗುಗಳ ಮಕ್ಕಳ ಸ್ಥಿತಿ ಬೇರೆಯೇ. ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದಲೂ ರಾಜ್ಯದ ಒಣಜಿಲ್ಲೆಗಳಿಂದಲೂ ಬರುವ ಈ ಕುಟುಂಬಗಳು ನಸುಕಿಗೆ ಮುಂಚೆಯೇ ಫಡಕ್ಕೆ ಹೋಗುತ್ತವೆ. ಊರು ಬದಲಾದಾಗ ಅಂಗನವಾಡಿಯ ಹಾಜರಿ, ಲಸಿಕೆಯ ಸರದಿ ಎರಡೂ ಕಡಿಯುತ್ತವೆ. ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ದರೆ ಯಾವ ಊರಿನ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಲಸಿಕೆ ಹಾಕಿಸಬಹುದು. ಸರದಿ ತಪ್ಪಿದ ಮಾತ್ರಕ್ಕೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ.

ವಾರದ ಕ್ರಮ

ಈ ಪ್ರದೇಶದಲ್ಲಿ ವಾರಕ್ಕೆ ತನ್ನದೇ ಆದ ಗುರುತುಗಳಿವೆ. ಸೋಮವಾರ ಬಸವಣ್ಣನ ದಿನವೆಂದು ಎತ್ತುಗಳನ್ನು ಹೂಡದಿರುವುದು ಹಳೆಯ ರೂಢಿ. ಅಮಾವಾಸ್ಯೆಯಂದೂ ಅನೇಕ ಕಡೆ ಹೊಲದ ಕೆಲಸ ನಿಲ್ಲುತ್ತದೆ. ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಮಾತ್ರ ಇರುವುದರಿಂದ ಅಂದು ಹಿರಿಯ ಮಗು ಬೇಗ ಏಳಬೇಕು, ಮಧ್ಯಾಹ್ನಕ್ಕೆ ಮನೆಯಲ್ಲಿರುತ್ತದೆ. ಸಂತೆಯ ದಿನ ವಾರದ ಕಾಯಿಪಲ್ಯೆ ಬರುತ್ತದೆ. ಬೇಗ ಬಾಡುವ ಮೆಂತ್ಯೆ, ರಾಜಗಿರಿ ಸೊಪ್ಪನ್ನು ಮೊದಲೆರಡು ದಿನ, ಗಜ್ಜರಿ, ಕುಂಬಳಗಳನ್ನು ಆಮೇಲೆ, ವಾರದ ಕೊನೆಗೆ ಮೊಳಕೆ ಕಾಳು ಎಂದು ಹಂಚಿಕೊಂಡರೆ ಮಗುವಿನ ತಟ್ಟೆಗೆ ಎಲ್ಲ ದಿನವೂ ಪಲ್ಯ ಸಿಗುತ್ತದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆಶಾ ಕಾರ್ಯಕರ್ತೆಯ ಮೂಲಕ ದೊರೆಯುವ ಕಬ್ಬಿಣಾಂಶದ ದ್ರಾವಣವನ್ನು ವಾರಕ್ಕೆ ಎರಡು ಬಾರಿ ಕುಡಿಸಬೇಕು. ದಿನ ನಿಗದಿಯಾಗಿಲ್ಲದಿದ್ದರೆ ಇದು ಮರೆತೇಹೋಗುತ್ತದೆ. ಸೋಮವಾರ ಮತ್ತು ಸಂತೆಯ ದಿನ ಎಂಬಂತೆ ಮರೆಯಲಾಗದ ದಿನಗಳಿಗೆ ಅದನ್ನು ಕಟ್ಟಿಹಾಕುವುದು ಒಳ್ಳೆಯ ಉಪಾಯ.

ದುಡಿಮೆಯ ಹಂಚಿಕೆ

ದಿನಚರಿಯನ್ನು ಪಾಲಿಸುವ ಹೊರೆ ಯಾರದೆಂಬ ಪ್ರಶ್ನೆಯನ್ನು ಬಹುಪಾಲು ಮಾರ್ಗದರ್ಶಿಗಳು ಕೈಬಿಡುತ್ತವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಪುರುಷರು 97 ನಿಮಿಷ ವ್ಯಯಿಸುತ್ತಾರೆ. ನೀರು ಕಾಯಿಸುವುದು, ರೊಟ್ಟಿ ಬಡಿಯುವುದು, ಹಾಲು ಹಿಂಡುವುದು, ಮಗುವನ್ನು ಅಂಗನವಾಡಿಗೆ ಸಿದ್ಧಗೊಳಿಸುವುದು ಎಲ್ಲವೂ ಬೆಳಗಿನ ಎರಡು ಗಂಟೆಯಲ್ಲಿ ಒಬ್ಬಳ ಮೇಲೆಯೇ ಬಿದ್ದಾಗ ಎಷ್ಟು ಸುಂದರವಾದ ವೇಳಾಪಟ್ಟಿಯೂ ನಿಲ್ಲದು. ಮಗುವಿನ ಸ್ನಾನವನ್ನೋ ಅಂಗನವಾಡಿಗೆ ಬಿಟ್ಟುಬರುವುದನ್ನೋ ತಂದೆ ಅಥವಾ ಅಜ್ಜ ಕಾಯಂ ಆಗಿ ವಹಿಸಿಕೊಂಡ ಮನೆಗಳಲ್ಲಿ ಕ್ರಮ ಹೆಚ್ಚು ಕಾಲ ಬಾಳುತ್ತದೆ. 'ಸಹಾಯ ಮಾಡುವುದು' ಮತ್ತು ವಹಿಸಿಕೊಳ್ಳುವುದು ಒಂದೇ ಅಲ್ಲ: ಮೊದಲನೆಯದರಲ್ಲಿ ನೆನಪಿಸುವ ಕೆಲಸ ತಾಯಿಗೇ ಉಳಿಯುತ್ತದೆ.

ಕ್ರಮ ತಪ್ಪುವ ಸಂದರ್ಭಗಳು

ಜಾತ್ರೆ, ಮದುವೆ, ಜ್ವರ, ತಾಯಿಯ ತವರಿನ ಪಯಣ, ಮಳೆಗಾಲದಲ್ಲಿ ಉಕ್ಕುವ ಹೊಳೆ ಇವೆಲ್ಲ ದಿನಚರಿಯನ್ನು ಮುರಿಯುತ್ತವೆ. ಆಗ ಎಲ್ಲವನ್ನೂ ಉಳಿಸಿಕೊಳ್ಳಲು ಹೆಣಗುವ ಬದಲು ಮಲಗುವ ಮುನ್ನದ ಕ್ರಮವೊಂದನ್ನು ಕಾಪಾಡಿಕೊಂಡರೆ ಸಾಕಾಗುತ್ತದೆ. ನೆಂಟರ ಮನೆಯಲ್ಲೂ ಅದೇ ಹೊದಿಕೆ, ಅದೇ ಜೋಗುಳ ಸಾಧ್ಯ. ಮನೆಗೆ ಮರಳಿದ ಮೇಲೆ ಮೊದಲು ಏಳುವ ಹೊತ್ತನ್ನು ಸರಿಪಡಿಸಬೇಕು. ಊಟ ಮತ್ತು ನಿದ್ರೆ ಮುಂದಿನ ಕೆಲವು ದಿನಗಳಲ್ಲಿ ಅದನ್ನು ಹಿಂಬಾಲಿಸುತ್ತವೆ.