ನದಿ ದಂಡೆಯ ಮೊಸಳೆಗಳು ಮತ್ತು ಅಭಯದಾನ

ಒಂಬತ್ತನೆಯ ತೀರ್ಥಂಕರರಾದ ಭಗವಾನ್ ಪುಷ್ಪದಂತರ ಲಾಂಛನ ಮಕರ, ಅಂದರೆ ಮೊಸಳೆ. ಬಸದಿಗಳಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳ ದರ್ಶನ ಮಾಡುವವರು ಪೀಠದ ಮೇಲಿನ ಈ ಗುರುತಿನಿಂದಲೇ ಪುಷ್ಪದಂತರನ್ನು ಗುರುತಿಸುತ್ತಾರೆ. ಕೃಷ್ಣಾ, ಕಾಳಿ, ಕಾವೇರಿ, ತುಂಗಭದ್ರಾ ನದಿಗಳ ದಂಡೆಯ ಕುಟುಂಬಗಳಿಗೆ ಮಾತ್ರ ಮೊಸಳೆ ನಿತ್ಯಜೀವನದಲ್ಲಿ ಎದುರಾಗುವ ಪ್ರಾಣಿಯೂ ಹೌದು. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಭಾಗದ ಕೃಷ್ಣಾ ತೀರದಲ್ಲಿ ಕಬ್ಬು ಬೆಳೆಯುವ ಜೈನ ರೈತ ಕುಟುಂಬಗಳು ಬಹಳ. ಮಳೆಗಾಲ ಬಂತೆಂದರೆ ಈ ಭಾಗದ ಯಾವುದಾದರೊಂದು ಊರಿನ ಹೊಲದಲ್ಲಿ ಮೊಸಳೆ ಕಾಣಿಸಿಕೊಂಡ ಸುದ್ದಿ ಕೇಳಿಬರುತ್ತದೆ. ಜೀವದಯೆಯನ್ನು ಧರ್ಮವೆಂದು ನಂಬಿದ ಕುಟುಂಬ ಇಂಥ ಪ್ರಾಣಿಯ ಜೊತೆ ಹೇಗೆ ಬದುಕಬೇಕು? ಇದಕ್ಕೆ ಉತ್ತರ ಬೇಕಾದರೆ ಮೊದಲು ಮೊಸಳೆಯ ಸ್ವಭಾವವನ್ನು ತಿಳಿಯಬೇಕು.

ನಮ್ಮ ನದಿಗಳ ಮೊಸಳೆ ಯಾವುದು?

ಭಾರತದಲ್ಲಿ ಮೂರು ಜಾತಿಯ ಮೊಸಳೆಗಳಿವೆ: ಸಿಹಿನೀರಿನ ಮಗ್ಗರ್, ಉಪ್ಪುನೀರಿನ ಮೊಸಳೆ ಮತ್ತು ಉದ್ದ ಮೂತಿಯ ಘರಿಯಾಲ್. ಕರ್ನಾಟಕದ ನದಿಗಳಲ್ಲಿ ಇರುವುದು ಮಗ್ಗರ್. ಸುದ್ದಿ, ಸಿನಿಮಾಗಳಲ್ಲಿ ಕಾಣುವ ಅಲಿಗೇಟರ್ ಬೇರೆಯೇ ಕುಟುಂಬದ ಪ್ರಾಣಿ. ಅದು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮತ್ತು ಚೀನಾದಲ್ಲಿ ಮಾತ್ರ ಇದೆ. ಬಾಯಿ ಮುಚ್ಚಿದಾಗ ಮೊಸಳೆಯ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತದೆ, ಅಲಿಗೇಟರ್‌ನದು ಕಾಣುವುದಿಲ್ಲ.

ಚರ್ಮಕ್ಕಾಗಿ ನಡೆದ ಬೇಟೆಯಿಂದ ಮೊಸಳೆಗಳ ಸಂತತಿ ಒಂದು ಕಾಲದಲ್ಲಿ ಅಳಿವಿನಂಚಿಗೆ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ದೇಶಾದ್ಯಂತ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಯಿತು. ಇಂದು ಮಗ್ಗರ್ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಅಂದರೆ ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತವರಿಗೆ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮಗ್ಗರ್‌ಗಳು ಸುಲಭವಾಗಿ ಕಾಣಸಿಗುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲಿಯೂ ಇವು ಹೆಚ್ಚು.

ಬಿಸಿಲಿಗೆ ಮಲಗಿದ ಮೊಸಳೆ ಬಾಯಿ ತೆರೆದಿದ್ದರೆ ಸಿಟ್ಟಾಗಿದೆ ಎಂದು ಹಲವರು ಭಾವಿಸುತ್ತಾರೆ. ಅದು ಮೈಯ ಬಿಸಿಯನ್ನು ಹೊಂದಿಸಿಕೊಳ್ಳುವ ಕ್ರಮ. ಶೀತರಕ್ತದ ಪ್ರಾಣಿಯಾದ್ದರಿಂದ ಅದಕ್ಕೆ ಬೇಕಾಗುವ ಆಹಾರ ಕಡಿಮೆ, ದೊಡ್ಡ ಮೊಸಳೆ ವಾರಗಟ್ಟಲೆ ಉಪವಾಸವಿರಬಲ್ಲದು. ಮೀನು ಅದರ ಮುಖ್ಯ ಆಹಾರ. ಸತ್ತ ಪ್ರಾಣಿಗಳನ್ನೂ ತಿನ್ನುವುದರಿಂದ ನೀರು ಶುದ್ಧವಾಗಿರಲು ಅದು ನೆರವಾಗುತ್ತದೆ.

ಮನುಷ್ಯರಿಗೆ ಅಪಾಯ ಯಾವಾಗ?

ಮಗ್ಗರ್ ಮನುಷ್ಯರನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ. ಆದರೂ ಕೃಷ್ಣಾ ಮತ್ತು ಕಾಳಿ ತೀರಗಳಲ್ಲಿ ಸಾವು–ನೋವುಗಳಾಗಿವೆ. ಹೆಚ್ಚಿನ ದಾಳಿಗಳು ನೀರಿನ ಅಂಚಿನಲ್ಲೇ ನಡೆಯುತ್ತವೆ. ಮೀನು ಹಿಡಿಯುವಾಗ, ಸ್ನಾನ ಮಾಡುವಾಗ, ಬಟ್ಟೆ ಒಗೆಯಲು ಕುಕ್ಕರಗಾಲಿನಲ್ಲಿ ಕುಳಿತಾಗ ಅಪಾಯ ಹೆಚ್ಚು. ಬಗ್ಗಿ ಕುಳಿತ ಮನುಷ್ಯ ನೀರೊಳಗಿನ ಮೊಸಳೆಯ ಕಣ್ಣಿಗೆ ನೀರು ಕುಡಿಯಲು ಬಂದ ಪ್ರಾಣಿಯಂತೆ ಕಾಣುತ್ತಾನೆ.

ಎರಡನೆಯ ಕಾರಣ ಮರಿಗಳ ರಕ್ಷಣೆ. ಬೇಸಿಗೆಯ ಆರಂಭದಲ್ಲಿ ಹೆಣ್ಣು ಮೊಸಳೆ ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಸಾಮಾನ್ಯವಾಗಿ 25–30 ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಮರಿಗಳ ಕೂಗು ಕೇಳಿದ ತಾಯಿ ಗುಂಡಿ ತೆಗೆದು, ಅವನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತದೆ. ದಂಡೆಯಲ್ಲಿ ಗೇಣುದ್ದದ ಮರಿಗಳು ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದು ತಿಳಿದು ಹಿಂದೆ ಸರಿಯಬೇಕು.

ಮೂರನೆಯದು ನೀರಿನ ಏರಿಳಿತ. ಪ್ರವಾಹದಲ್ಲಿ ಮೊಸಳೆಗಳು ಹಳ್ಳ, ಕಾಲುವೆ, ಕಬ್ಬಿನ ಗದ್ದೆಗಳಿಗೆ ಸೇರಿಕೊಳ್ಳುತ್ತವೆ. ನೀರು ಬತ್ತಿದಾಗ ಬೇರೆ ಮಡು ಹುಡುಕುತ್ತ ರಾತ್ರಿ ನೆಲದ ಮೇಲೆ ನಡೆಯುತ್ತವೆ. 2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳ ಗ್ರಾಮದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಕಟ್ಟಿ, ಟ್ರ್ಯಾಕ್ಟರಿನಲ್ಲಿ ವಿದ್ಯುತ್ ಉಪಕೇಂದ್ರಕ್ಕೇ ತಂದಿದ್ದರು. ರಾತ್ರಿ ಮಾತ್ರ ಕರೆಂಟು ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸುವವರ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಮೊಸಳೆಯನ್ನು ಕೊನೆಗೆ ಅರಣ್ಯ ಇಲಾಖೆಗೆ ಒಪ್ಪಿಸಲಾಯಿತು. ರೈತರ ಭಯವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ.

ಆಹಾರ ಹಾಕುವುದು ದಯೆಯೇ?

ಶ್ರಾವಕರಿಗೆ ಹೇಳಿರುವ ನಾಲ್ಕು ದಾನಗಳು ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ಪ್ರಾಣಿಗಳೆಂದರೆ ಮೊದಲು ನೆನಪಾಗುವುದು ಆಹಾರ. ನದಿ ಘಟ್ಟದಲ್ಲಿ ಮೀನಿಗೆ ಮಂಡಕ್ಕಿ, ಹಿಟ್ಟಿನ ಉಂಡೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಮೊಸಳೆ ಇರುವ ನೀರಿನಲ್ಲಿ ಈ ರೂಢಿ ಕೆಡುಕು ಮಾಡುತ್ತದೆ. ಮೀನುಗಳು ಮೆಟ್ಟಿಲ ಬಳಿ ಗುಂಪುಗೂಡಿದರೆ ಅವುಗಳ ಹಿಂದೆ ಮೊಸಳೆಯೂ ಬರುತ್ತದೆ. ಕಾಳಿ ನದಿಗೆ ಕೋಳಿ, ಮಾಂಸದ ತ್ಯಾಜ್ಯ ಎಸೆಯುವುದರಿಂದ ಮೊಸಳೆಗಳು ಜನವಸತಿಯ ಬಳಿ ಸೇರುತ್ತಿವೆ ಎಂಬ ದೂರು ದಾಂಡೇಲಿಯಲ್ಲಿ ಹಲವು ಸಲ ಕೇಳಿಬಂದಿದೆ. ಎಸೆಯುವ ವಸ್ತು ಸಸ್ಯಾಹಾರವಾದರೂ ಫಲ ಒಂದೇ: ಮೊಸಳೆ ಮನುಷ್ಯರ ಭಯ ಬಿಟ್ಟು ಘಟ್ಟಕ್ಕೆ ಒಗ್ಗಿಕೊಳ್ಳುತ್ತದೆ.

ಇಲ್ಲಿ ಕಾಸರಗೋಡು ಜಿಲ್ಲೆಯ ಅನಂತಪುರ ದೇವಾಲಯದ ಬಬಿಯಾ ನೆನಪಾಗುವುದು ಸಹಜ. ನೈವೇದ್ಯದ ಅನ್ನ ತಿನ್ನುತ್ತಿದ್ದ ಸಸ್ಯಾಹಾರಿ ಮೊಸಳೆ ಎಂದೇ ಅದು ಹೆಸರಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಸಾವಿರಾರು ಜನ ಅಂತಿಮ ದರ್ಶನ ಪಡೆದರು. ಆದರೆ ಒಂದು ದೇವಾಲಯದ ಕೆರೆಯಲ್ಲಿ ದಶಕಗಳ ಕಾಲ ಅರ್ಚಕರಿಗೆ ಹೊಂದಿಕೊಂಡಿದ್ದ ಒಂಟಿ ಮೊಸಳೆಯ ಕಥೆ ನದಿಯ ಮೊಸಳೆಗಳಿಗೆ ಅನ್ವಯಿಸುವುದಿಲ್ಲ. ಅನ್ನ ಹಾಕಿ ಮಗ್ಗರ್‌ನ ಸ್ವಭಾವ ಬದಲಿಸಲು ಆಗದು.

ಅಲಿಗೇಟರ್‌ಗಳ ನಾಡಾದ ಅಮೆರಿಕದ ಫ್ಲೋರಿಡಾದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ ಎಂದು ರಾಜ್ಯದ ವನ್ಯಜೀವಿ ಆಯೋಗ ಅಂದಾಜಿಸಿದೆ. ಮನೆಗಳ ನಡುವಿನ ಕೆರೆಗಳಲ್ಲೂ ಅವು ಇರುತ್ತವೆ. ಅವಕ್ಕೆ ಆಹಾರ ಹಾಕುವುದು ಅಲ್ಲಿ ಕಾನೂನುಬಾಹಿರ. ಜನರ ಬಳಿ ಬರಲು ಕಲಿತು ಅಪಾಯಕಾರಿ ಎಂದು ದೂರು ಬಂದ, ನಾಲ್ಕು ಅಡಿ ಅಥವಾ ಅದಕ್ಕಿಂತ ಉದ್ದದ ಅಲಿಗೇಟರನ್ನು ಸಾಮಾನ್ಯವಾಗಿ ಹಿಡಿದು ಕೊಲ್ಲಲಾಗುತ್ತದೆ. ಯಾರೋ ಪ್ರೀತಿಯಿಂದ ಹಾಕಿದ ತುತ್ತು ಆ ಜೀವದ ಸಾವಿಗೆ ದಾರಿಯಾಗುತ್ತದೆ. ಮಕ್ಕಳ ಮನೆಗೆಂದು ಫ್ಲೋರಿಡಾಕ್ಕೆ ಹೋಗುವ ಹಿರಿಯರು ಇದನ್ನು ನೆನಪಿಡುವುದು ಒಳ್ಳೆಯದು.

ಆದ್ದರಿಂದ ಮೊಸಳೆಗೆ ಸಲ್ಲಬೇಕಾದದ್ದು ಅಭಯದಾನ. ಅದರ ದಂಡೆಯನ್ನು ಅದಕ್ಕೆ ಬಿಡುವುದು, ಅದು ನಮ್ಮ ಘಟ್ಟಕ್ಕೆ ಬರಲು ಕಾರಣ ಕೊಡದಿರುವುದು, ಇವೆರಡೂ ಸೇರಿದರೆ ಪ್ರಾಣಿಗೂ ಅಭಯ, ಮನುಷ್ಯರಿಗೂ ಅಭಯ.

ಮನೆಯವರು ಪಾಲಿಸಬೇಕಾದ ಎಚ್ಚರಿಕೆಗಳು

• ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ನೀರಿಗೆ ಇಳಿಯಬಾರದು. ಮಕ್ಕಳನ್ನು ದಂಡೆಯಲ್ಲಿ ಒಂಟಿಯಾಗಿ ಬಿಡಬಾರದು.

• ನೀರನ್ನು ಕೊಡದಲ್ಲಿ ಮೇಲಕ್ಕೆ ತಂದು ಸ್ನಾನ, ಬಟ್ಟೆ ಒಗೆಯುವ ಕೆಲಸ ಮಾಡಬೇಕು. ನೀರಿನಂಚಿನಲ್ಲಿ ಕುಳಿತುಕೊಳ್ಳಬಾರದು.

• ದಿನವೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ನೀರು ತರುವುದನ್ನು ತಪ್ಪಿಸಬೇಕು. ದನಕರುಗಳಿಗೆ ತೊಟ್ಟಿಯಲ್ಲಿ ನೀರು ಕೊಡುವುದು ಕ್ಷೇಮ.

• ಪೂಜೆಯ ನಿರ್ಮಾಲ್ಯ, ಊಟದ ಉಳಿಕೆ, ಯಾವುದೇ ತ್ಯಾಜ್ಯವನ್ನು ನೀರಿಗೆ ಹಾಕಬಾರದು. ಮೀನಿಗೆ ಆಹಾರ ಹಾಕುವುದನ್ನೂ ನಿಲ್ಲಿಸಬೇಕು.

• ರಾತ್ರಿ ಹೊಲಕ್ಕೆ ಹೋಗುವವರು ಇಬ್ಬರಾಗಿ, ಟಾರ್ಚ್ ಹಿಡಿದು ಹೋಗಬೇಕು. ಬೆಳಕು ಬಿದ್ದಾಗ ಮೊಸಳೆಯ ಕಣ್ಣು ಕೆಂಪಗೆ ಹೊಳೆಯುತ್ತದೆ. ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆ ಇಡಬೇಕೆಂದು ಮುನಿಗಳಿಗೆ ಹೇಳಿರುವ ಈರ್ಯಾ ಸಮಿತಿ ಇಲ್ಲಿ ರೈತರ ಜೀವವನ್ನೂ ಕಾಯುತ್ತದೆ.

• ಬಿಸಿಲು ಕಾಯಿಸುವ ಮೊಸಳೆಗೆ ಕಲ್ಲು ಹೊಡೆಯಬಾರದು, ಸೆಲ್ಫಿಗಾಗಿ ಹತ್ತಿರ ಹೋಗಬಾರದು. ಬೇಕೆಂದೇ ನೋಯಿಸುವುದು ಸಂಕಲ್ಪಿ ಹಿಂಸೆ, ಕಾನೂನಿನ ಪ್ರಕಾರ ಅಪರಾಧವೂ ಹೌದು.

ಹೊಲ ಅಥವಾ ಬಾವಿಯಲ್ಲಿ ಮೊಸಳೆ ಕಂಡರೆ ಜನ ಸೇರದಂತೆ ನೋಡಿಕೊಂಡು, ದೂರದಲ್ಲಿ ನಿಂತು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಸುತ್ತುವರಿದರೆ ಗಾಬರಿಯಾದ ಪ್ರಾಣಿ ಯಾರ ಮೇಲಾದರೂ ಎರಗಬಹುದು. ಯಾರಿಗಾದರೂ ಕಚ್ಚಿದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿದು ರಕ್ತ ನಿಲ್ಲಿಸಿ, 108ಕ್ಕೆ ಕರೆ ಮಾಡಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಯ ಸಣ್ಣದಾದರೂ ನಂಜಾಗುವ ಸಂಭವ ಹೆಚ್ಚು.

ಜೊತೆಗೆ ಬದುಕುವ ಊರುಗಳು

ಗುಜರಾತಿನ ಆಣಂದ ಮತ್ತು ಖೇಡಾ ಜಿಲ್ಲೆಗಳ ಚರೋತರ್ ಪ್ರದೇಶದ ಹಳ್ಳಿಗಳಲ್ಲಿ ಊರಿನ ಕೆರೆಯಲ್ಲೇ ಮಗ್ಗರ್‌ಗಳಿವೆ. ಅದೇ ಕೆರೆಯ ದಡದಲ್ಲಿ ಜನ ಬಟ್ಟೆ ಒಗೆಯುತ್ತಾರೆ, ಎಮ್ಮೆಗಳು ನೀರಿಗಿಳಿಯುತ್ತವೆ. ಮೊಸಳೆ ಖೋಡಿಯಾರ್ ಮಾತೆಯ ವಾಹನ ಎಂಬ ನಂಬಿಕೆಯಿಂದ ಯಾರೂ ಅವನ್ನು ಕಾಡುವುದಿಲ್ಲ. ಅಲ್ಲಿ ದಾಳಿಗಳು ವಿರಳ. ಕೃಷ್ಣಾ ತೀರದ ಪರಿಸ್ಥಿತಿ ಬೇರೆಯೇ ಆದರೂ, ಮೊಸಳೆ ಎಲ್ಲಿ ಮಲಗುತ್ತದೆ, ಯಾವಾಗ ಮರಿ ಮಾಡುತ್ತದೆ ಎಂಬುದನ್ನು ಊರಿನ ಪ್ರತಿ ಮಗುವೂ ತಿಳಿದಿರುವ ಆ ಪದ್ಧತಿಯನ್ನು ಇಲ್ಲಿಯೂ ಬೆಳೆಸಬಹುದು. ಬಸದಿಯಲ್ಲಿ ಮಕ್ಕಳಿಗೆ ಲಾಂಛನಗಳನ್ನು ಹೇಳಿಕೊಡುವಾಗ, ಪುಷ್ಪದಂತ ಸ್ವಾಮಿಯ ಮಕರದ ಹತ್ತಿರ ಒಂದು ನಿಮಿಷ ನಿಂತು ಈ ಎಚ್ಚರಿಕೆಗಳನ್ನೂ ಹೇಳಿದರೆ ಆ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.